ರಕ್ತಪಿಶಾಚಿ ಬಾಯಿ ಬಿಡಿಸಿದ ಗುಟ್ಟು

ಆ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಮೈಸೂರಿನ ಒಂದು ಟಾಕೀಸಿನ ಬೆಳಗಿನ ಆಟದಲ್ಲಿ, ಮಾವನ ತೊಡೆಯ ಮೇಲೆ ಕೂತು. ಆಗ ನನಗೆ ಏಳು ವರ್ಷ. ಪಕ್ಕದ ಕುರ್ಚಿಯಲ್ಲಿ ಮಾವನ ಒಬ್ಬನೇ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು, ಹೆದರಿಕೆ ಎಂದರೇನೆಂದೇ ಗೊತ್ತಿಲ್ಲದವನ ಹಾಗೆ ಕಡಲೆಕಾಯಿ ಸುಲಿಯುತ್ತಿದ್ದ. ಬ್ರಿಟಿಷರು ತೆಗೆದ ಹಳೆಯ ರಕ್ತಪಿಶಾಚಿಯ ಚಿತ್ರ ಅದು. ಬೆಟ್ಟದ ಮೇಲೊಂದು ಕೋಟೆ, ಕಪ್ಪು ನಿಲುವಂಗಿ ತೊಟ್ಟ ಎತ್ತರದ ದೊರೆ, ತುಟಿ ಸ್ವಲ್ಪ ಸರಿದರೆ ಎರಡು ಕೋರೆಹಲ್ಲು. ಪರದೆಯ ಮೇಲೆ ರಕ್ತ ಬಂದಾಗಲೆಲ್ಲ ಮಾವನ ಮಗ ನನ್ನ ಕಡೆ ಬಗ್ಗಿ, ಅದು ಟೊಮೆಟೊ ಸಾರು ಎಂದು ಹೇಳುತ್ತಿದ್ದ. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ ಮಾವ ಪ್ರತಿಯೊಂದನ್ನೂ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದರು.

"ಅವನಷ್ಟಕ್ಕೆ ಅವನು ಯಾರ ಮನೆಗೂ ನುಗ್ಗೋ ಹಾಗಿಲ್ಲ ಪುಟ್ಟಿ. ಒಳಗಿರೋರು ಬಾ ಅನ್ನಬೇಕು. ನೀನು ಬಾ ಅನ್ನಬೇಡ, ಅಷ್ಟೇ."

ಆ ಬೇಸಿಗೆ ರಜೆ ಮುಗಿಯುವವರೆಗೆ ನಾನು ಬಾಗಿಲಿಗೆ ಬಂದ ಯಾರಿಗೂ ಬನ್ನಿ ಅನ್ನಲಿಲ್ಲ. ಅತ್ತೆಯ ಭಜನೆ ಮಂಡಳಿಯ ಹೆಂಗಸೊಬ್ಬರು ಹೊಸಿಲಾಚೆ ಬಿಸಿಲಿನಲ್ಲಿ ನಿಂತೇ ಇದ್ದರು, ನಾನು ಈಚೆ ಬಾಯಿಗೆ ಬೀಗ ಹಾಕಿಕೊಂಡು ಅವರ ಹಲ್ಲನ್ನೇ ನೋಡುತ್ತ ನಿಂತಿದ್ದೆ. ಅತ್ತೆ ಬಂದು ನನ್ನ ತಲೆಗೆ ಒಂದು ಮೊಟಕಿ ಅವರನ್ನು ಒಳಗೆ ಕರೆದರು. ಈ ಕಥೆಯನ್ನು ಮಾವ ನನ್ನ ಮದುವೆಯ ದಿನವೂ ಹೇಳಿ ನಗಿಸಿದ್ದರು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಕಡಲೆಕಾಯಿ ಸುಲಿಯುತ್ತಿದ್ದ ಅವರ ಮಗನನ್ನೇ ನಾನು ಮುಂದೆ ಮದುವೆಯಾದೆ. ಸೋದರಮಾವನ ಮಗ, ವರಸೆಯಾಗುತ್ತದೆ, ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ. ಮದುವೆಯಾದ ಮೇಲೆ ನಾನು ಒಂದು ಪದವನ್ನೂ ಬದಲಾಯಿಸಬೇಕಾಗಲಿಲ್ಲ. ತಾಯಿಯ ಅಣ್ಣನೂ ಮಾವ, ಗಂಡನ ತಂದೆಯೂ ಮಾವ, ಅತ್ತೆ ಮೊದಲಿನಿಂದಲೂ ಅತ್ತೆಯೇ. ಅವನನ್ನು ಮೂಗು ಸೋರುವ ಕಾಲದಿಂದ ನೀನು ತಾನು ಎಂದವಳು ಆಮೇಲೂ ಹಾಗೇ ಕರೆದೆ. ಈ ಬರಹದಲ್ಲೂ ಅವನು ಎಂದೇ ಬರೆಯುತ್ತೇನೆ, ಯಾರಾದರೂ ಮುಖ ಸಿಂಡರಿಸುವುದಿದ್ದರೆ ಸಿಂಡರಿಸಲಿ.

ಮುಚ್ಚಿಡುವ ಬುದ್ಧಿ ನಮಗೆ ಬಂದದ್ದು ಇಲ್ಲಿ, ಅಮೆರಿಕದ ಈ ಬೇ ಏರಿಯಾದಲ್ಲಿ. ಮದುವೆಯಾದ ಮೂರನೆಯ ವರ್ಷ ನನಗೆ ಐದು ತಿಂಗಳಿಗೆ ಗರ್ಭ ಇಳಿದುಹೋಯಿತು. ಡಾಕ್ಟರು ನೀವಿಬ್ಬರೂ ಮೊದಲೇ ಸಂಬಂಧಿಗಳೇ ಎಂದು ಕೇಳಿದರು, ನಾವು ಮುಗ್ಧರ ಹಾಗೆ ಹೌದೆಂದೆವು. ಅವರ ಹುಬ್ಬು ಮೇಲಕ್ಕೆ ಹೋಯಿತು. ಹತ್ತು ನಿಮಿಷದಲ್ಲಿ ಡಾಕ್ಟರಿಕೆ ಕಲಿಯುವ ಹುಡುಗರಿಬ್ಬರನ್ನು ಕರೆತಂದು, ಹಾಸಿಗೆಯ ಕಾಲ ಬಳಿ ನಿಲ್ಲಿಸಿ, ನಮ್ಮಿಬ್ಬರ ಅಜ್ಜ ಅಜ್ಜಿಯರನ್ನು ಹಲಗೆಯ ಮೇಲೆ ಚೌಕ, ವೃತ್ತಗಳಲ್ಲಿ ಬರೆದು ತೋರಿಸಿದರು. ನನ್ನ ಮಗು ಹೋದ ದಿನ ಅದು. ರಕ್ತಸಂಬಂಧದ ಮದುವೆಯ ಗುರುತೆಂದು ಅವರು ನಮ್ಮಿಬ್ಬರ ನಡುವೆ ಎಳೆದ ಜೋಡಿ ಗೆರೆಯನ್ನು ನಾನು ಈಗಲೂ ಬರೆದು ತೋರಿಸಬಲ್ಲೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ, ಆಗುವುದು ಬೇಡವೆಂದು ನಾವೇ ಹೆದರಿ ಕೂತೆವು.

ಅವತ್ತಿನಿಂದ ಯಾರು ಕೇಳಿದರೂ ನಮ್ಮದು ಒಂದೇ ಉತ್ತರ, ಎರಡೂ ಮನೆಯವರು ಫ್ಯಾಮಿಲಿ ಫ್ರೆಂಡ್ಸು. ಕನ್ನಡದವರ ಮುಂದೆಯೂ ಅಷ್ಟೇ. ಒಮ್ಮೆ ಯಾರದೋ ಮನೆಯ ಊಟದಲ್ಲಿ ಇನ್ನೊಂದು ಜೋಡಿಯ ಬಗ್ಗೆ ಇಂಥದೇ ಮಾತು ಬಂದಾಗ, ಇಲ್ಲೇ ಹುಟ್ಟಿದ ಮಕ್ಕಳೆಲ್ಲ ತಟ್ಟೆ ಕೆಳಗಿಟ್ಟು ಯಕ್ ಎಂದಿದ್ದವು. ನಾವಿಬ್ಬರೂ ಬಿಸಿಬೇಳೆಬಾತಿನಲ್ಲಿ ಮುಖ ಹುದುಗಿಸಿದೆವು. ನನ್ನ ತಾಯಿ ಬಂದಿದ್ದಾಗ ಬಾಯ್ತಪ್ಪಿ ಅವನನ್ನು ನಮ್ಮಣ್ಣನ ಮಗ ಎಂದುಬಿಟ್ಟಾರು ಎಂದು ಅವರನ್ನು ಯಾರ ಮನೆಗೂ ಕರೆದುಕೊಂಡೇ ಹೋಗಲಿಲ್ಲ. ಪಾಪ, ತಮ್ಮ ಕಾಲುನೋವು ನೋಡಿ ಮಗಳು ಓಡಾಡಿಸುತ್ತಿಲ್ಲ ಎಂದು ಅವರು ಅಂದುಕೊಂಡಿದ್ದರು.

ಅವನಿಗೆ ಲಾಸ್ ಗ್ಯಾಟೋಸ್‌ನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಗೀರು ಬಿದ್ದ, ಬಣ್ಣ ಮಾಸಿದ ಹಳೆಯ ಸಿನಿಮಾಗಳನ್ನು ಒಂದೊಂದೇ ಚೌಕಟ್ಟು ಹಿಡಿದು ಸರಿಪಡಿಸುವುದು. ಲಿವರ್‌ಮೋರ್‌ನ ನಮ್ಮ ಮನೆಯಿಂದ ದಿನಾ ಫ್ರೀವೇಯಲ್ಲಿ ಒಂದೂವರೆ ಗಂಟೆ ತೆವಳಿಕೊಂಡು ಹೋಗುತ್ತಿದ್ದ, ಗೊಣಗುತ್ತಿರಲಿಲ್ಲ. ಅವರಿವರು ದೇವರ ಪಟ ಇಡುವ ಜಾಗದಲ್ಲಿ ಇವನು ಆ ರಕ್ತಪಿಶಾಚಿಯ ಪೋಸ್ಟರನ್ನು ತೂಗುಹಾಕಿದ್ದ, ನಾನು ಕಿತ್ತಾಡಿ ಅದನ್ನು ಗ್ಯಾರೇಜಿಗೆ ಕಳಿಸಿದ್ದೆ. ಆ ಕಾಲದ ಸಿನಿಮಾದ ರಕ್ತ ನಿಜವಾದ ರಕ್ತಕ್ಕಿಂತ ಎಷ್ಟು ಕೆಂಪು ಎಂಬ ಬಗ್ಗೆ ಅವನು ಅರ್ಧ ಗಂಟೆ ಮಾತಾಡಬಲ್ಲವನಾಗಿದ್ದ.

ಅವನ ರಕ್ತವೇ ಕೆಟ್ಟಿದೆ ಎಂದು ಗೊತ್ತಾದದ್ದು ಹಲ್ಲು ಕೀಳಿಸಲು ಹೋದಾಗ. ರಕ್ತ ನಿಲ್ಲಲೇ ಇಲ್ಲ. ವಾರದೊಳಗೆ ರಕ್ತದ ಕ್ಯಾನ್ಸರು ಎಂದರು, ಆಸ್ಪತ್ರೆಗೆ ಸೇರಿಸಿದರು, ಮೊದಲ ಸುತ್ತಿನ ಔಷಧಿಗೆ ಅವನ ಕೂದಲೂ ಕಾಯಿಲೆಯೂ ಎರಡೂ ಹೋದವು. ಆದರೆ ಇದು ಅಡಗಿದೆ ಅಷ್ಟೇ, ಸತ್ತಿಲ್ಲ, ಮತ್ತೆ ಏಳುವುದರೊಳಗೆ ರಕ್ತ ಹುಟ್ಟಿಸುವ ಮೂಳೆಮಜ್ಜೆಯನ್ನು ಹೊಂದುವ ಇನ್ನೊಬ್ಬರಿಂದ ತೆಗೆದು ಇವರಿಗೆ ಕೊಡಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದರು. ದಾನಿಗಳ ಪಟ್ಟಿಯಲ್ಲಿ ನಮ್ಮ ಕಡೆಯವರು ಕಡಿಮೆ, ಸಿಗುವುದು ಕಷ್ಟ. ಮನೆಯವರಲ್ಲಿ ಯಾರಿದ್ದಾರೆ?

ಅಣ್ಣ ತಮ್ಮ, ಅಕ್ಕ ತಂಗಿ? ಇಲ್ಲ, ಒಬ್ಬನೇ ಮಗ. ಮಕ್ಕಳು? ಇಲ್ಲ. ತಾಯಿ ಹೋಗಿಬಿಟ್ಟಿದ್ದಾರೆ. ತಂದೆಗೆ ಎಂಬತ್ತು ದಾಟಿದೆ, ಹೃದಯ ಸರಿಯಿಲ್ಲ. ಡಾಕ್ಟರು ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ, ಕಸಿನ್ಸ್ ಯಾರಾದರೂ, ಎಂದು ಕೇಳಿದರು. ಅವನು ನೆಲ ನೋಡುತ್ತ, ಈ ದೇಶದಲ್ಲಿ ಯಾರೂ ಇಲ್ಲ ಎಂದ. ನಾನು ಪಕ್ಕದಲ್ಲೇ ಕೂತು, ಹೌದು, ಎಲ್ಲರೂ ಇಂಡಿಯಾದಲ್ಲಿ ಎಂದು ಒತ್ತುಕೊಟ್ಟೆ.

ಆ ಗಳಿಗೆಯನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ ನನಗೇ ಗೊತ್ತಿಲ್ಲ. ಕಸಿನ್ ಎಂದರೆ ನಮ್ಮ ತಲೆಯಲ್ಲಿ ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗಳು, ರಾಖಿ ಕಟ್ಟುವ ಪೈಕಿ. ಅತ್ತೆಯ ಮಗಳು ಆ ಪದದೊಳಗೆ ಹೊಳೆಯುವುದೇ ಇಲ್ಲ, ಅದರಲ್ಲೂ ಆಕೆ ಇಪ್ಪತ್ತೈದು ವರ್ಷದಿಂದ ಹೆಂಡತಿಯಾಗಿದ್ದರೆ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೊಳೆಯದಿದ್ದರೆ ಅವನೇಕೆ ನೆಲ ನೋಡಬೇಕಿತ್ತು?

ಡಾಕ್ಟರ ಪ್ರಶ್ನೆಗೆ ಉತ್ತರ ಮಾವನಲ್ಲಿತ್ತು. ಅತ್ತೆಯೂ ನನ್ನ ತಂದೆಯೂ ಹೋದ ಮೇಲೆ ಅಣ್ಣತಂಗಿ ಇಬ್ಬರೂ ಮೈಸೂರಿನಲ್ಲಿ ಒಂದೇ ಫ್ಲ್ಯಾಟಿನಲ್ಲಿದ್ದಾರೆ, ಭಾನುವಾರ ಸ್ಪೀಕರ್ ಹಾಕಿಕೊಂಡು ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ. ವಿಷಯ ಕೇಳಿದ ಮೊದಲನೆಯ ಭಾನುವಾರವೇ ಮಾವ ಕೇಳಿದ್ದು ಒಂದೇ ಮಾತು.

"ನಿನ್ ರಕ್ತ ನೋಡಿದ್ರೇನಮ್ಮ?"

ಹೆಂಡತಿಯದು ಬರುವುದಿಲ್ಲ ಮಾವ ಎಂದೆ. ಅವರು ಬಿಡಲಿಲ್ಲ. ಹೆಂಡತಿ ಅಂತ ಯಾರು ಕೇಳಿದ್ರು, ನೀನು ನನ್ನ ತಂಗಿ ಮಗಳಲ್ವ, ನಮ್ಮಮ್ಮನ ರಕ್ತ ನಿನ್ನಲ್ಲೂ ಇದೆ, ಅವನಲ್ಲೂ ಇದೆ ಎಂದು ಶುರು ಮಾಡಿದರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದರು. ನಾನು ಮರುದಿನ ಡಾಕ್ಟರಿಗೆ ಕೇಳಿದೆ ಕೂಡ. ಆದರೆ ಹೇಗೆ ಕೇಳಿದೆ? ನನ್ನ ಫಾದರ್ ಇನ್ ಲಾ ನನ್ನ ರಕ್ತ ಆಗುತ್ತದೆಯೇ ಎಂದು ವಿಚಾರಿಸುತ್ತಿದ್ದಾರೆ ಎಂದೆ. ಡಾಕ್ಟರು ನಕ್ಕರು, ಒಳ್ಳೆಯ ಮನಸ್ಸಿನವರು ಎಂದರು, ಗಂಡ ಹೆಂಡತಿಯರು ಹೊಂದುವುದು ಲಾಟರಿ ಹೊಡೆದ ಹಾಗೆ ಎಂದರು. ಮಾವ ಎಂಬ ಪದದಲ್ಲಿದ್ದ ನನ್ನ ತಾಯಿಯ ಅಣ್ಣನನ್ನು ಇಂಗ್ಲಿಷಿಗೆ ತರುವಾಗ ನಾನೇ ದಾರಿಯಲ್ಲಿ ಇಳಿಸಿ ಬಂದಿದ್ದೆ.

ಮುಂದಿನ ಭಾನುವಾರ ಮಾವ ಮತ್ತೆ ಕೇಳಿದರು. ನೀವಿಬ್ಬರೂ ಅಣ್ಣತಂಗಿ ಎಂಬುದನ್ನು ನಾವಿಲ್ಲಿ ನಾಚಿಕೆಪಟ್ಟು ಮುಚ್ಚಿಟ್ಟಿದ್ದೇವೆ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ? ತಾಯಿಯೂ ಕೇಳಿಸಿಕೊಳ್ಳುತ್ತಿದ್ದರು. ನನ್ನ ರಕ್ತ ಪರೀಕ್ಷೆ ಮಾಡಿದರು ಮಾವ, ಹೊಂದುವುದಿಲ್ಲವಂತೆ ಎಂದುಬಿಟ್ಟೆ. ಆಮೇಲೆ ಅವರು ಕೇಳುವುದನ್ನು ನಿಲ್ಲಿಸಿದರು.

ನಾನು ಸುಮ್ಮನೆ ಕೂತಿರಲಿಲ್ಲ ಎಂದು ಹೇಳಿಕೊಳ್ಳಲೂ ಈಗ ನಾಚಿಕೆ. ಲಿವರ್‌ಮೋರ್ ದೇವಸ್ಥಾನದಲ್ಲಿ ಎರಡು ಭಾನುವಾರ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮೇಜು ಹಾಕಿಸಿದೆ. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಗೆ ಉಜ್ಜಿ ಲಕೋಟೆಗೆ ಹಾಕಿ ಕೊಟ್ಟರೆ ದಾನಿಗಳ ಪಟ್ಟಿಗೆ ಸೇರುತ್ತಾರೆ. ನಾನು ಕಂಡಕಂಡ ಹುಡುಗ ಹುಡುಗಿಯರ ಕೈ ಹಿಡಿದು ಎಳೆದೆ. ಧಾರವಾಡದ ಕಡೆಯ ಅಜ್ಜಿಯೊಬ್ಬರು ತಮ್ಮ ಮೂರು ಮೊಮ್ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, "ಬಾಯಿ ತಗೀರಿ, ಪಾಪ, ಆಕಿ ಗಂಡಗ ಬೇಕಾಗೇದ" ಎಂದರು. ಆಮೇಲೆ ನನ್ನನ್ನು ನೋಡಿ, ನೀ ಕೊಟ್ಟಿಯೇನವಾ ಎಂದು ಕೇಳಿದರು. ನಾನು ಹೆಂಡತಿ ಅಜ್ಜಿ, ನನ್ನದು ನಡೆಯುವುದಿಲ್ಲ ಎಂದೆ. ನೂರಾರು ಜನರ ಬಾಯಿಗೆ ಕಡ್ಡಿ ಕೊಟ್ಟವಳು ನನ್ನ ಬಾಯಿಗೆ ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಪಟ್ಟಿಯಿಂದ ಯಾರೂ ಸಿಗಲಿಲ್ಲ. ಒಬ್ಬರು ಸಿಕ್ಕ ಹಾಗಾಗಿ, ಆಮೇಲೆ ಫೋನಿಗೇ ಬರಲಿಲ್ಲ. ವಾರಗಳು ಹೋಗುತ್ತಿದ್ದವು. ನಾನು ಮಕ್ಕಳ ಡೇಕೇರಿನ ಕೆಲಸಕ್ಕೆ ರಜೆ ಹಾಕಿ, ವಾರಕ್ಕೆರಡು ದಿನ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಡಂಬಾರ್ಟನ್ ಸೇತುವೆ ದಾಟಿ ಆಸ್ಪತ್ರೆಗೆ ಹೋಗುತ್ತಿದ್ದೆ. ಸೇತುವೆ ಇಳಿದರೆ ಮೆನ್ಲೋ ಪಾರ್ಕಿನ ಆಫೀಸುಗಳು, ಕೊರಳಿಗೆ ಬ್ಯಾಡ್ಜು ಹಾಕಿಕೊಂಡು ಕಾಫಿ ಹಿಡಿದು ನಡೆಯುವ ಆರೋಗ್ಯವಂತ ಜನ. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬೊಬ್ಬರನ್ನೂ ನಿಲ್ಲಿಸಿ ತೋಳು ಹಿಡಿದು ರಕ್ತ ತೆಗೆದುಕೊಳ್ಳಬೇಕು ಅನ್ನಿಸುತ್ತಿತ್ತು. ಅದನ್ನು ಅವನಿಗೆ ಹೇಳಿದಾಗ, ಕೋರೆಹಲ್ಲು ಮೂಡಿದೆಯಾ ನೋಡ್ಕೊ ಎಂದ.

ಡಾಕ್ಟರು ದಾನಿ ಬೇಕೆಂದ ಏಳನೆಯ ವಾರದಲ್ಲಿ, ರಕ್ತ ಏರಿಸುವ ಕೋಣೆಯಲ್ಲಿ, ಅವನು ತನ್ನ ಟ್ಯಾಬ್ಲೆಟ್ಟಿನಲ್ಲಿ ಆ ಸಿನಿಮಾ ಹಾಕಿದ. ಬೆಳಗ್ಗೆ ಹತ್ತು ಗಂಟೆ, ಕಿಟಕಿಯ ತುಂಬ ಬಿಸಿಲು. ಒಬ್ಬರು ವಯಸ್ಸಾದ ಫಿಲಿಪಿನೋ ನರ್ಸು ಇದ್ದರು, ಅವನನ್ನು ಬಹಳ ಹಚ್ಚಿಕೊಂಡಿದ್ದವರು. ನಾನು ಇದನ್ನು ಮನಿಲಾದಲ್ಲಿ ನೋಡಿದ್ದೆ, ನೀವೆಲ್ಲಿ ನೋಡಿದಿರಿ ಎಂದು ಕೇಳಿದರು. ಮೈಸೂರಿನಲ್ಲಿ, ಚಿಕ್ಕವರಿದ್ದಾಗ, ಇಬ್ಬರೂ ಒಟ್ಟಿಗೆ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅಷ್ಟು ಚಿಕ್ಕಂದಿನಿಂದ ಗೊತ್ತೇ ಎಂದು ಅವರು ಅರಳಿದರು. ಅಕ್ಕಪಕ್ಕದ ಮನೆ ಎಂದು ಅವನು ಚುರುಕಾಗಿ ಹೇಳಿದ. ನಾಲಗೆ ಒಣಗಿ ನೀರು ಕುಡಿಯಲೂ ಕಷ್ಟಪಡುತ್ತಿದ್ದವನು ಆ ಸುಳ್ಳನ್ನು ಮಾತ್ರ ಎಡವದೆ ಹೇಳಿದ.

ಸಿನಿಮಾದಲ್ಲಿ ದೊರೆ ರಕ್ತ ಹೀರಿ ಹೋದ ಹೆಂಗಸು ಸುಣ್ಣದ ಗೋಡೆಯಷ್ಟು ಬಿಳಿಚಿಕೊಂಡು ಮಲಗಿದ್ದಾಳೆ. ಮುದುಕ ಡಾಕ್ಟರು ಅವಳ ಗಂಡನ ಕೋಟು ಬಿಚ್ಚಿಸಿ, ಪಕ್ಕದಲ್ಲಿ ಮಲಗಿಸಿ, ಅವನ ತೋಳಿಗೂ ಇವಳ ತೋಳಿಗೂ ಒಂದು ರಬ್ಬರ್ ನಳಿಕೆ ಸಿಕ್ಕಿಸುತ್ತಾರೆ. ನೋಡುನೋಡುತ್ತ ಅವಳ ಕೆನ್ನೆಗೆ ಬಣ್ಣ ಬರುತ್ತದೆ. ನರ್ಸು ಚೀಲ ಬದಲಾಯಿಸುತ್ತ ನಿಂತು ನೋಡಿ ನಕ್ಕರು. ಆಗ ಎಷ್ಟು ಸುಲಭವಿತ್ತು ನೋಡಿ, ನಿಮಗೂ ಹಾಗೇ ಆಗಿದ್ದರೆ ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದಿರಿ, ಏನು ಮಾಡುವುದು, ಗಂಡ ಹೆಂಡತಿ ರಕ್ತಸಂಬಂಧಿಗಳಲ್ಲವಲ್ಲ ಎಂದರು.

ನಾನು ಅವನ ಮುಖ ನೋಡಿದೆ. ಅವನು ಬೇಡ ಎನ್ನುವ ಹಾಗೆ ತಲೆಯನ್ನು ಒಂದು ಕೂದಲೆಳೆಯಷ್ಟು ಅಲ್ಲಾಡಿಸಿದ. ಕೂದಲು ಎಲ್ಲಿತ್ತು ಅವನಿಗೆ. ಹುಬ್ಬೂ ಇಲ್ಲದ ಆ ಮುಖವನ್ನು ನೋಡಿದ್ದೇ ನನಗೆ ಯಾರ ಮೇಲೆಂದು ಗೊತ್ತಾಗದ ಸಿಟ್ಟು ಉಕ್ಕಿ ಬಂತು. ನಾನು ಗಟ್ಟಿಯಾಗಿಯೇ ಹೇಳಿದೆ, ಇವನ ತಂದೆ ನನ್ನ ತಾಯಿಯ ಒಡಹುಟ್ಟಿದ ಅಣ್ಣ. ನರ್ಸಿಗೆ ಅರ್ಥವಾಗಲಿಲ್ಲ. ನಾನು ಅವರ ಪೆನ್ನು ಕಸಿದುಕೊಂಡು, ಕೈ ಒರೆಸುವ ಕಾಗದದ ಮೇಲೆ ಚೌಕ, ವೃತ್ತ, ಜೋಡಿ ಗೆರೆ ಎಲ್ಲ ಬರೆದು ತೋರಿಸಿದೆ. ಅವರ ಹುಬ್ಬು ಮೇಲಕ್ಕೆ ಹೋಗಲಿಲ್ಲ. ಕಾಗದವನ್ನು ಹಿಡಿದು ಡಾಕ್ಟರ ಕೋಣೆಯ ಕಡೆ ಓಡಿದರು, ಆ ವಯಸ್ಸಿನಲ್ಲಿ.

"ಹೇಳೇಬಿಟ್ಯಲ್ಲೇ," ಎಂದ ಅವನು. ಟ್ಯಾಬ್ಲೆಟ್ಟನ್ನು ಮಗುಚಿಟ್ಟು, "ನಿನ್ ರಕ್ತ ಹಾಕಿದ್ರೆ ನಾನೂ ನಿನ್ ಥರ ಜಗಳಗಂಟ ಆಗ್ತೀನಾ?"

"ಆಗು ಕಣೋ. ಬದುಕಿದ್ದು ಜಗಳ ಆಡು."

ಅವತ್ತೇ ನನ್ನ ರಕ್ತ ತೆಗೆದುಕೊಂಡರು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹತ್ತು ದಿನದ ಮೇಲೆ ಫೋನು ಮಾಡಿ, ಅರ್ಧ ಹೊಂದುತ್ತದೆ ಎಂದರು. ಈಗಿನ ಕಾಲದಲ್ಲಿ ಅರ್ಧ ಸಾಕು. ನಿಮ್ಮ ಅಜ್ಜ ಅಜ್ಜಿಯ ಕಡೆಯಿಂದ ಒಂದು ಪಾಲು ಇಬ್ಬರಿಗೂ ಇಡಿಯಾಗಿ ಇಳಿದು ಬಂದಿದೆ ಎಂದರು. ನಾನು ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರಿನ ಸ್ಟೀರಿಂಗಿಗೆ ಹಣೆ ಇಟ್ಟು ಅತ್ತುಬಿಟ್ಟೆ. ನನ್ನ ಅಜ್ಜಿಯನ್ನು, ಇಪ್ಪತ್ತು ವರ್ಷ ಮೊದಲು ಸತ್ತ ಆ ಹೆಂಗಸನ್ನು ಕೂಗಿ ಕರೆದು ಅತ್ತೆ. ಮಾವನಿಗೆ ಹೇಳೋಣ ಎಂದರೆ ಅವನು ಬೇಡವೆಂದ. ಆಗಲೇ ಹೊಂದುವುದಿಲ್ಲ ಎಂದವಳು ಈಗ ಹೊಂದುತ್ತದೆ ಎಂದರೆ ಅಪ್ಪನಿಗೆ ಏನೆಂದು ವಿವರಿಸುತ್ತೀಯ, ಎಲ್ಲ ಮುಗಿದು ನಾನು ಎದ್ದು ಕೂತ ಮೇಲೆ ನಾನೇ ಮಾತಾಡಿ ಹೇಳುತ್ತೇನೆ, ಬೈಯುವುದಿದ್ದರೆ ನನ್ನನ್ನು ಬೈಯಲಿ ಎಂದ.

ಮಜ್ಜೆ ಕೊಡುವ ದಿನ ಗೊತ್ತಾಯಿತು. ಮಜ್ಜೆಯ ಕಣಗಳನ್ನು ಈಗ ರಕ್ತದಿಂದಲೇ ತೆಗೆಯುತ್ತಾರಂತೆ, ನನ್ನ ತೋಳಿನ ನರ ನೋಡಿದರು, ಚೆನ್ನಾಗಿವೆ ಎಂದರು. ಅವನನ್ನು ಸೇರಿಸಿಕೊಳ್ಳುವ ಮೊದಲಿನ ಪರೀಕ್ಷೆಯಲ್ಲಿ, ಕೇವಲ ಶಾಸ್ತ್ರಕ್ಕೆ ಮಾಡುತ್ತೇವೆ ಎಂದಿದ್ದ ಪರೀಕ್ಷೆಯಲ್ಲಿ, ಕಾಯಿಲೆ ಮತ್ತೆ ಎದ್ದಿರುವುದು ಕಂಡಿತು.

ಕಾಯಿಲೆ ಅಡಗಿದ್ದಾಗ ಮಾತ್ರ ಮಾಡಬಹುದಾದ ಕೆಲಸ, ಮಜ್ಜೆ ಕೊಡುವುದು. ಅಡಗಿಸಲು ಇನ್ನೊಂದು ಸುತ್ತು ಕೊಟ್ಟರು, ಮೊದಲಿನದಕ್ಕಿಂತ ಖಾರವಾದದ್ದು. ಅದು ಕಾಯಿಲೆಯನ್ನು ಮುಟ್ಟಲಿಲ್ಲ, ಅವನನ್ನು ಮುಟ್ಟಿತು. ಶ್ವಾಸಕೋಶಕ್ಕೆ ಸೋಂಕು ಹತ್ತಿತು. ನಾನು ಡಾಕ್ಟರ ಮುಂದೆ ನನ್ನ ಎರಡೂ ತೋಳು ಚಾಚಿ, ಸುಮ್ಮನೆ ತೆಗೆದುಕೊಳ್ಳಿ, ಒಂದು ನಳಿಕೆ ಹಾಕಿ, ಆ ಸಿನಿಮಾದಲ್ಲಿ ಹಾಕಿದ ಹಾಗೆ ಹಾಕಿ ಎಂದು ಅಂಗಲಾಚಿದೆ. ಅವರು ನನ್ನ ತೋಳನ್ನು ಮೆಲ್ಲಗೆ ಕೆಳಗಿಳಿಸಿದರು. ಏಳು ವಾರ ಮೊದಲೇ ಆಗಿದ್ದರೆ ಎಂದು ಕೇಳಿದೆ. ಅದನ್ನು ಯಾರಿಂದಲೂ ಹೇಳಲಾಗುವುದಿಲ್ಲ ಎಂದರು. ಅವರು ಒಳ್ಳೆಯವರು. ಆದರೆ ಇಲ್ಲ ಎನ್ನಲಿಲ್ಲ.

ಅವನು ಹೋದದ್ದು ಒಂದು ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ. ಫಿಲಿಪಿನೋ ನರ್ಸು ಅವತ್ತು ರಜೆಯಲ್ಲಿದ್ದರೂ ಬಂದರು. ಸತ್ತವನ ವಿವರ ತುಂಬುವ ಫಾರಮ್ಮಿನಲ್ಲಿ ನನಗೂ ಅವನಿಗೂ ಏನು ಸಂಬಂಧ ಎಂದು ಕೇಳಿತ್ತು, ಹೆಂಡತಿ ಎಂದು ಬರೆದು, ಪಕ್ಕದಲ್ಲಿ ಅತ್ತೆಯ ಮಗಳು ಎಂದು ಕನ್ನಡದಲ್ಲೇ ಬರೆದೆ. ಆಫೀಸಿನ ಹುಡುಗಿ ಅದೇನೆಂದು ಕೇಳದೆ ಇಟ್ಟುಕೊಂಡಳು.

ಈಗ ಒಂದೂವರೆ ವರ್ಷವಾಯಿತು. ಪೋಸ್ಟರನ್ನು ಗ್ಯಾರೇಜಿನಿಂದ ತಂದು ನಡುಮನೆಯಲ್ಲಿ ತೂಗುಹಾಕಿದ್ದೇನೆ. ಯಾರು ಕೇಳಿದರೂ, ಕೇಳದಿದ್ದರೂ, ನನ್ನ ಗಂಡ ನನ್ನ ಸೋದರಮಾವನ ಮಗ ಎಂದು ಹೇಳುತ್ತೇನೆ. ಅವರ ಮಕ್ಕಳು ಯಕ್ ಅಂದರೆ ಅನ್ನಲಿ. ಇಲ್ಲಿ ನನಗೆ ಮುಚ್ಚಿಡುವುದು ಏನೂ ಉಳಿದಿಲ್ಲ. ಉಳಿದಿರುವುದೆಲ್ಲ ಭಾನುವಾರದ ಫೋನಿನಲ್ಲಿದೆ. ಮಾವನಿಗೆ ಈಗ ಕಿವಿ ಮಂದ, ತಾವು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಒಬ್ಬನೇ ಮಗನನ್ನು ಕಳೆದುಕೊಂಡವರು ನನ್ನನ್ನು ಸಮಾಧಾನ ಮಾಡುತ್ತಾರೆ.

"ನೀನು ಮನಸ್ಸಿಗೆ ಹಚ್ಕೋಬೇಡ ಪುಟ್ಟಿ. ನಿನ್ ರಕ್ತಾನೇ ಹೊಂದಲಿಲ್ಲ ಅಂದ್ಮೇಲೆ ಇನ್ಯಾರದ್ದು ಹೊಂದುತ್ತೆ, ಹೇಳು."

"ಹೂಂ ಮಾವ," ಎನ್ನುತ್ತೇನೆ. "ಹೊಂದಲಿಲ್ಲ."